ಎಡಗಡೆಯ ಗಾಳಿ

ದುಬೈಯಲ್ಲಿ ನಾನು ಬಹುಕಾಲ ದುಡಿದದ್ದು ಒಂದು ಟೈರ್ ಅಂಗಡಿಯಲ್ಲಿ. ಎಡಕ್ಕೂ ಬಲಕ್ಕೂ ಗಾಳಿ ಸಮನಾಗಿರಬೇಕು ಎಂಬುದು ನನ್ನ ಕೈಗೆ ಹತ್ತಿದ ವಿದ್ಯೆ. ಊರ ಹೊರಗಿನ ಟ್ರ್ಯಾಕಿನಲ್ಲಿ ಕಾರ್ ರೇಸ್ ಇದ್ದಾಗ ಅಂಗಡಿಯಿಂದ ನನ್ನನ್ನೂ ನನ್ನ ಜೊತೆಗಾರನನ್ನೂ ಟೈರಿನ ಕೆಲಸಕ್ಕೆ ಕಳುಹಿಸುತ್ತಿದ್ದರು.

ಆ ವರ್ಷ ಒಂದು ತಂಡಕ್ಕೆ ಅಮೆರಿಕದ ಚಾಲಕನೊಬ್ಬ ಬಂದಿದ್ದ. ತನ್ನ ದೇಶದ ಸ್ಟಾಕ್ ಕಾರ್ ರೇಸುಗಳಲ್ಲಿ, ಮೊಟ್ಟೆಯಾಕಾರದ ಟ್ರ್ಯಾಕಿನ ಮೇಲೆ ಎಡಕ್ಕೇ ತಿರುಗುತ್ತ ಹೆಸರು ಮಾಡಿದವನು. ಇಲ್ಲಿನ ತಿರುವುಗಳು ಎರಡೂ ಕಡೆಗೆ, ಬಲಕ್ಕೇ ಹೆಚ್ಚು. ಚೆನ್ನಾಗಿ ಓಡಿಸಿದರೆ ವರ್ಷವಿಡೀ ಕೆಲಸ, ಇಲ್ಲದಿದ್ದರೆ ಮನೆಗೆ ಎಂದು ತಂಡದವರು ಅವನಿಗೆ ಹೇಳಿದ್ದು ಎಲ್ಲರಿಗೂ ಗೊತ್ತಿತ್ತು. ಜೊತೆಗೆ ತನ್ನ ಹಳೆಯ ಮೆಕ್ಯಾನಿಕ್‌ನನ್ನು ಕರೆತಂದಿದ್ದ. ಇಬ್ಬರೂ ಒಂದೇ ಲೋಟದಲ್ಲಿ ಕಾಫಿ ಕುಡಿಯುವಷ್ಟು ಹತ್ತಿರದವರು.

ಆ ಮೆಕ್ಯಾನಿಕ್ ಪ್ರತಿ ಟೈರಿನ ಮೇಲೆ ಎಷ್ಟು ಗಾಳಿ ಬೇಕೆಂದು ಚಾಕ್‌ನಲ್ಲಿ ಬರೆದಿಡುತ್ತಿದ್ದ. ಎಡಗಡೆಯ ಎರಡಕ್ಕೂ ಕಡಿಮೆ ಬರೆದಿದ್ದ.

"ಇದು ನೋಡು ಮಾರಾಯ, ಒಂದೇ ಬದಿಗೆ ಕಮ್ಮಿ!" ಎಂದೆ ನನ್ನ ಜೊತೆಗಾರನಿಗೆ. ಅವನು ಉಳ್ಳಾಲದ ಕಡೆಯ ಬ್ಯಾರಿ.

"ಬರೆದದ್ದು ಹಾಕಿ ಅಣ್ಣ, ಖಲಾಸ್. ನಿಮಗ್ಯಾಕೆ ಮಂಡೆಬಿಸಿ?"

"ಬೇಕಂತಲೇ ಮಾಡಿದ್ದು ಅಂತ ಕಾಣ್ತದೆ. ಬೆಳಿಗ್ಗೆ ಪಕ್ಕದ ತಂಡದವನ ಹತ್ರ ಒಂದು ಪೊಟ್ಟಣ ತಗೊಂಡ. ನಾನೇ ನೋಡಿದ್ದೇನೆ."

"ಬಿರಿಯಾನಿಯಲ್ಲಿ ಪೀಸು ಜಾಸ್ತಿ ಉಂಟು ಅಂತ ಹೋಟ್ಲಿನವನ ಮೇಲೆ ಡೌಟು ಮಾಡಿದ ಜನ ಅಲ್ವಾ ನೀವು!"

ಅಷ್ಟರಲ್ಲಿ ಮೆಕ್ಯಾನಿಕ್ ಆ ಪೊಟ್ಟಣವನ್ನು ಬಿಚ್ಚಿಕೊಂಡು ಬಂದ. ಖರ್ಜೂರ. ಜೊತೆಗಾರ ತಕ್ಷಣ ಬಾಯಿಗೆ ಹಾಕಿಕೊಂಡ. ನಾನು ಜೇಬಿಗೆ ಹಾಕಿದೆ. ಕಂಡದ್ದನ್ನು ಹೇಳದಿರಲು ಕೊಟ್ಟದ್ದು ಎಂದೇ ಅನ್ನಿಸಿತು. ಎದುರಾಳಿಗಳಿಂದ ದುಡ್ಡು ತಿಂದು ಸ್ನೇಹಿತನನ್ನೇ ಸೋಲಿಸಲು ಹೊರಟವನಿಗೆ ಈ ನಗು ಎಲ್ಲಿಂದ ಬರಬೇಕು ಎಂದು ಅವನ ಮುಖವನ್ನೇ ನೋಡಿದೆ.

ಮೊದಲ ಸೆಟ್ ಟೈರುಗಳಿಗೆ ಅವನೇ ಗೇಜ್ ಹಿಡಿದು ನೋಡಿದ. ರೇಸಿನ ನಡುವೆ ಬದಲಿಸುವ ಎರಡನೆಯ ಸೆಟ್ಟಿನ ಹೊತ್ತಿಗೆ ರೇಸ್ ಶುರುವಾಗಿತ್ತು, ಅವನಿಗೆ ಪುರುಸೊತ್ತಿರಲಿಲ್ಲ. ಜೊತೆಗಾರ ನಮಾಜಿಗೆ ಹೋಗಿದ್ದಾಗ ನಾನು ಎಡಗಡೆಯ ಎರಡಕ್ಕೂ ಬಲಗಡೆಯಷ್ಟೇ ಗಾಳಿ ತುಂಬಿದೆ. ಒಬ್ಬ ಅಮಾಯಕನನ್ನು ಉಳಿಸುತ್ತಿದ್ದೇನೆ ಎಂದುಕೊಂಡೆ. ನಿಜ ಹೇಳಬೇಕೆಂದರೆ, ನನ್ನ ಸಂಶಯ ಸರಿಯಾಗಿರಲಿ ಎಂಬ ಆಸೆಯೇ ಅದಕ್ಕಿಂತ ದೊಡ್ಡದಿತ್ತು.

ಆ ಟೈರುಗಳನ್ನು ಹಾಕಿಕೊಂಡು ಹೋದ ಸ್ವಲ್ಪ ಹೊತ್ತಿಗೇ, ಬಲಕ್ಕೆ ತಿರುಗುವ ಉದ್ದನೆಯ ತಿರುವಿನಲ್ಲಿ ಕಾರು ಹೊರಕ್ಕೆ ಜಾರಿ ಗೋಡೆಗೆ ಬಡಿಯಿತು. ಚಾಲಕ ತಾನಾಗಿಯೇ ಇಳಿದು ಬಂದ. ಗಾಯವೇನೂ ಇರಲಿಲ್ಲ.

"ಎಡಕ್ಕೆ ತಿರುಗಲಿಕ್ಕೆ ಮಾತ್ರ ಗೊತ್ತು, ಪಾಪ! ಬಲಕ್ಕೆ ಯಾರಾದ್ರೂ ಹೇಳಿಕೊಡಿ," ಎಂದು ನಮ್ಮ ಅಂಗಡಿಯ ಮ್ಯಾನೇಜರ್ ನಕ್ಕ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಎಳೆದು ತಂದ ಕಾರಿನ ಟೈರು ಬಿಚ್ಚಲು ಹೋದೆ. ಬಲಗಡೆಯದರ ಮೇಲೆ ಅಂಗೈ ಇಡಬಹುದಿತ್ತು. ಎಡಗಡೆ ಮುಂದಿನದು ಕೈ ಸುಟ್ಟಿತು. ಗೇಜ್ ಹಿಡಿದರೆ ಮುಳ್ಳು ಎಲ್ಲಿಗೋ ಹೋಯಿತು. ಬಲಕ್ಕೆ ತಿರುಗಿದಾಗಲೆಲ್ಲ ಭಾರ ಎಡಕ್ಕೆ ಬೀಳುತ್ತದೆ, ಆ ಟೈರು ಹೆಚ್ಚು ಕಾಯುತ್ತದೆ, ಒಳಗಿನ ಗಾಳಿಯ ಒತ್ತಡ ಏರುತ್ತದೆ, ಅತಿಯಾದರೆ ಟೈರು ನೆಲದ ಹಿಡಿತ ಬಿಡುತ್ತದೆ. ಆ ಏರಿಕೆಗೆಂದೇ ಮೆಕ್ಯಾನಿಕ್ ಜಾಗ ಬಿಟ್ಟಿದ್ದ. ಬೇಸಿಗೆಯಲ್ಲಿ ಕಾದ ಟೈರನ್ನು ದಿನವೂ ಮುಟ್ಟುತ್ತಿದ್ದ ನನಗೆ ಇದು ಹೊಳೆಯಬೇಕಿತ್ತು.

ಹೆಲ್ಮೆಟ್ ಕೈಯಲ್ಲಿ ಹಿಡಿದು ಚಾಲಕ ನನ್ನ ಬಳಿ ಬಂದ. ಮೆಕ್ಯಾನಿಕ್ ಹಿಂದೆಯೇ ನಿಂತಿದ್ದ. ಟೈರಿನ ಮೇಲೆ ಬರೆದಷ್ಟೇ ಗಾಳಿ ಹಾಕಿದೆಯಾ ಎಂದು ಚಾಲಕ ಮೆಲ್ಲಗೆ ಕೇಳಿದ. ಇಲ್ಲ ಎಂದರೆ ಕೆಲಸ ಹೋಗುತ್ತಿತ್ತು, ಕೆಲಸದ ಜೊತೆ ವೀಸಾ.

"ಯೆಸ್ ಸರ್. ಅವರು ಬರೆದಷ್ಟೇ," ಎಂದೆ.

ಚಾಲಕ ತಿರುಗಿ ತನ್ನ ಸ್ನೇಹಿತನನ್ನು ನೋಡಿದ. ಆ ನೋಟ ನನಗೆ ಗೊತ್ತಿತ್ತು. ಬೆಳಗಿನಿಂದ ನಾನು ಆ ಮೆಕ್ಯಾನಿಕ್‌ನನ್ನು ನೋಡುತ್ತಿದ್ದದ್ದು ಹಾಗೆಯೇ. ಮೆಕ್ಯಾನಿಕ್ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಚಾಲಕ ಹೊರಟುಹೋಗಿದ್ದ. ಸಂಜೆ ಇಬ್ಬರೂ ಬೇರೆ ಬೇರೆ ಟ್ಯಾಕ್ಸಿ ಹತ್ತಿದರು. ತಂಡ ಚಾಲಕನನ್ನು ಮತ್ತೆ ಕರೆಯಲಿಲ್ಲ.

ಇಂಟರ್‌ನ್ಯಾಷನಲ್ ಸಿಟಿಯ ನಮ್ಮ ರೂಮಿಗೆ ಬಸ್ಸಿನಲ್ಲಿ ಮರಳುವಾಗ ಜೊತೆಗಾರ ಕೇಳಿದ, "ಅಣ್ಣ, ಬರೆದದ್ದೇ ಹಾಕಿದ್ದು ಅಲ್ವಾ?"

"ಮತ್ತೆಂತ!" ಎಂದು ರೇಗಿದೆ. ಅವನು ಕಿಟಕಿಯ ಕಡೆ ತಿರುಗಿದ.

ಅಂದಿನಿಂದ ಅವನು ಫೋನಿನಲ್ಲಿ ತಗ್ಗಿದ ದನಿಯಲ್ಲಿ ಮಾತಾಡಿದರೂ ನನ್ನ ವಿಷಯವೇ ಎನ್ನಿಸುತ್ತಿತ್ತು. ಅವನು ಬೇರೆ ಕೆಲಸ ಸಿಕ್ಕಿ ಅಬುಧಾಬಿಗೆ ಹೋದಾಗ ನಿಟ್ಟುಸಿರು ಬಿಟ್ಟೆ. ಹೋಗುವ ದಿನ ನನ್ನ ಕೈ ಹಿಡಿದು, "ನಾನು ಯಾರಿಗೂ ಹೇಳ್ಲಿಲ್ಲ ಅಣ್ಣ," ಎಂದ.

ಏನನ್ನು ಎಂದು ನಾನು ಕೇಳಲಿಲ್ಲ.