ಗಂಗವ್ವನ ಹಿತ್ತಲು, ನಮ್ಮ ಮನೆಯ ಕುಂಡ

ಹೆಗಲಿಗೆ ಕ್ಯಾಮೆರಾ, ಬೈಕಿನ ಹಿಂದೆ ಒಂದು ಖಾಲಿ ಗೊಬ್ಬರದ ಚೀಲ. ಹದಿನೈದು ದಿನದ ಹಿಂದೆ ಒಂದು ಭಾನುವಾರ ನಾನು ಇತಿಹಾಸ ಉಳಿಸಲು ಹೊರಟದ್ದು ಹೀಗೆ.

ಕ್ಯಾಮೆರಾ ನನ್ನದು. ಚೀಲ ಹೆಂಡತಿಯದು. "ಹೆಂಗೂ ಗುಡ್ಡಕ್ಕ ಹೊಂಟೀರಿ, ಮಲ್ಲಿಗಿ ಕುಂಡಕ್ಕ ಒಂದೀಟು ಕೆಂಪು ಮಣ್ಣು ತುಂಬಿಕೊಂಡು ಬರ್ರಿ" ಎಂದಿದ್ದಳು.

ಬ್ಯಾಡಗಿಯಿಂದ ಮೋಟೆಬೆನ್ನೂರಿಗೆ ಬಂದು, ಹೈವೇ ಹಿಡಿದು, ರಾಣೆಬೆನ್ನೂರಿನ ಕಡೆ ಸ್ವಲ್ಪ ಹೋಗಿ ಒಳಗೆ ತಿರುಗಿದರೆ ಆ ಗುಡ್ಡ. ನೆತ್ತಿಯ ಮೇಲೆ ಊರು. (ಹೆಸರು ಹೇಳುವುದಿಲ್ಲ. ಹೇಳಿದರೆ ನೀವೂ ಚೀಲ ತರುತ್ತೀರಿ.)

ಒಂದು ಕಾಲಕ್ಕೆ ಅಲ್ಲಿ ಪಾಳೆಯಗಾರನ ಮಣ್ಣಿನ ಕೋಟೆ ಇತ್ತಂತೆ. ಈಗ ಅಗಸಿ ಬಾಗಿಲಿದೆ, ಅಕ್ಕಪಕ್ಕದ ಗೋಡೆ ಇಲ್ಲ. ಒಂದು ವೀರಗಲ್ಲು ಮಳೆಗೆ ಜಾರಿ ಅರ್ಧ ಗುಡ್ಡ ಇಳಿದು ಕುಳಿತಿದೆ. ವೀರ ಮಾತ್ರ ಇನ್ನೂ ಕತ್ತಿ ಎತ್ತಿಯೇ ಇದ್ದಾನೆ. ಯಾರ ಮೇಲೆ? ಮಳೆಯ ಮೇಲೆಯೇ?

ಪ್ರತಿ ಮಳೆಗಾಲಕ್ಕೂ ಗುಡ್ಡದ ಅಂಚು ಒಂದಿಷ್ಟು ಕುಸಿಯುತ್ತದೆ. ಕೊನೆಯ ಮನೆ ಗಂಗವ್ವನದು. ಚಾವಣಿಗೆ ಮಣ್ಣು ಹಾಸಿದ ಮಾಳಿಗೆಯ ಮನೆ. ಹಿತ್ತಲ ಬಾಗಿಲು ತೆರೆದರೆ ನಾಲ್ಕು ಹೆಜ್ಜೆ ನೆಲ, ಆಮೇಲೆ ಪಾತಾಳ. ನಾನು ಹೋದಾಗ ಗಂಗವ್ವ ಆ ಅಂಚಿನಲ್ಲೇ ಕೂತು ಗುದ್ದಲಿಯಿಂದ ಮಣ್ಣು ಕೆರೆದು ಬುಟ್ಟಿ ತುಂಬುತ್ತಿದ್ದಳು! ಸೊಸೆ ಮಾಳಿಗೆಯ ಮೇಲೆ ನಿಂತು ಬುಟ್ಟಿಯನ್ನು ಹಗ್ಗದಿಂದ ಎಳೆದುಕೊಳ್ಳುತ್ತಿದ್ದಳು.

"ಯವ್ವಾ, ಏನ್ ಮಾಡಾಕತ್ತೀರಿ?"

"ಮಾಳಗಿ ಸೋರ್ತೈತಿ ಯಪ್ಪಾ. ಮಳಿಗಿಂತ ಮೊದಲ ಮಣ್ಣು ಹಾಕಬೇಕಲ್ಲ?"

"ಬುಡದ ಮಣ್ಣು ತೆಗದ್ರ ಮನೀನ ಕೆಳಗ ಹೋಗ್ತೈತಲ್ಲ!"

"ಅದು ಯಾವಾಗರ ಹೋಗ್ತೈತಿ. ಮಾಳಗಿ ಈ ವರ್ಷನ ಸೋರ್ತೈತಿ."

ಗುಡ್ಡದ ಕೆಳಗಿನಿಂದ ತರಬಾರದೇ ಎಂದೆ. "ನೀವು ಹೊತ್ತು ತರ್ತೀರೇನ್ರಿ?" ಸೊಸೆ ಮೇಲಿನಿಂದಲೇ ಕೇಳಿದಳು. (ಪತ್ರಿಕೆಗೆ ಬರೆಯುವವರಿಗೆ ಪ್ರಶ್ನೆ ಕೇಳಿಯಷ್ಟೇ ರೂಢಿ.)

ಆದರೂ ನನ್ನ ಚಟ ನಿಮಗೆ ಗೊತ್ತಲ್ಲ? ಅರ್ಧ ಗಂಟೆ ಭಾಷಣ ಬಿಗಿದೆ. ಭೂಸವೆತ, ಹೆರಿಟೇಜು, ಮುಂದಿನ ಪೀಳಿಗೆ ಎಲ್ಲವೂ ಬಂದುಹೋದವು. ಒಂದು ಹಿಡಿ ಮಣ್ಣೂ ಇಲ್ಲಿಂದ ಕದಲಬಾರದು ಎಂದು ಮುಗಿಸಿದೆ.

"ಖರೇ ಐತಿ ನೀವು ಹೇಳೋದು" ಎಂದು ಗಂಗವ್ವ ಗುದ್ದಲಿ ಕೆಳಗಿಟ್ಟಳು. ಮಾಳಿಗೆಗೆ ಇನ್ನೂ ಅರ್ಧ ಮಣ್ಣು ಬೀಳಬೇಕಿತ್ತು. ನನಗೆ ಎಷ್ಟು ಖುಷಿಯಾಯಿತೆಂದರೆ, ಆ ಗುದ್ದಲಿಯದೇ ಎರಡು ಫೋಟೋ ತೆಗೆದೆ.

ಚಹಾ ಕುಡಿದು ಬೈಕ್ ಹತ್ತುವಾಗ ಅವಳ ಕಣ್ಣು ಚೀಲದ ಮೇಲೆ ಬಿತ್ತು. "ಇದ್ಯಾಕ ಚೀಲ ತಂದೀರಿ?"

ಸುಳ್ಳು ಹೇಳಬಹುದಿತ್ತು, ಹೊಳೆಯಲಿಲ್ಲ. "ನಮ್ಮಾಕಿ ಕುಂಡಕ್ಕ ಮಣ್ಣು ಹೇಳಿದ್ಲು. ಬ್ಯಾಡ ಬಿಡ್ರಿ."

"ಅಯ್ಯ, ಹೆಣ್ಮಗಳು ಬಾಯಿಬಿಟ್ಟು ಕೇಳ್ಯಾಳ. ಖಾಲಿ ಚೀಲ ಹೊಳ್ಳಿ ಕಳಸಾಕ ಬರ್ತೈತೇನು?"

ಗುದ್ದಲಿ ಮತ್ತೆ ಎದ್ದಿತು. ಅದೇ ಅಂಚು. ಬ್ಯಾಡ, ಬ್ಯಾಡ ಎನ್ನುತ್ತಲೇ ನಾನು ಚೀಲದ ಬಾಯಿ ಅಗಲಿಸಿ ಹಿಡಿದುಕೊಂಡಿದ್ದೆ. "ಇನ್ನೊಂದೀಟು ಹಾಕ್ಲೇನು?" ಎಂದು ಆಕೆ ಕೇಳುತ್ತಲೇ ಇದ್ದಳು. ನಾನು ಸಾಕು ಎಂದದ್ದು ಚೀಲ ತುಂಬಿದ ಮೇಲೆ. ಹಿತ್ತಲಿನ ನಾಲ್ಕು ಹೆಜ್ಜೆ ಅಷ್ಟರಲ್ಲಿ ಮೂರೂವರೆ ಆಗಿತ್ತು. ನಾಚಿಕೆಯೇನೋ ಆಯಿತು. ಚೀಲವನ್ನು ಮಾತ್ರ ಇಳಿಸಲಿಲ್ಲ.

ಮಲ್ಲಿಗೆ ಈಗ ಚಿಗುರಿದೆ. ಹೆಂಡತಿ ಓಣಿಯವರಿಗೆಲ್ಲ ತೋರಿಸುತ್ತಿದ್ದಾಳೆ.

ಮೊನ್ನೆ ಸಂಜೆ ಈ ವರ್ಷದ ಮೊದಲ ದೊಡ್ಡ ಮಳೆ. ಗಂಗವ್ವ ನೆನಪಾದಳು. ನಾನು ಬಂದ ಮೇಲೆ ಮಾಳಿಗೆಗೆ ಮಣ್ಣು ಹಾಕಿದಳೋ, ನನ್ನ ಮಾತು ನಂಬಿ ಹಾಗೇ ಬಿಟ್ಟಳೋ? ಅಂಚು ನಿಂತಿದೆಯೋ? ಕೇಳೋಣವೆಂದರೆ ಆ ಮನೆಯಲ್ಲಿ ಫೋನಿಲ್ಲ. ಹೋಗಿ ನೋಡೋಣವೆಂದರೆ ಮುಖವಿಲ್ಲ.

ನಾನೇನು ಮಾಡಿದೆ ಗೊತ್ತೇ? ಮಹಡಿಗೆ ಓಡಿ ಕುಂಡವನ್ನು ಒಳಗೆಳೆದುಕೊಂಡೆ. ಅಂಥ ಒಳ್ಳೆಯ ಮಣ್ಣು ಮಳೆಗೆ ಕೊಚ್ಚಿಹೋದರೆ ಹೇಗೆ?