ಖಾಲಿ ಕುರ್ಚಿ ಮತ್ತು ಖ್ಮೇರ್ ಊಟ

ಮಗಳು ರೆಸ್ಟೋರೆಂಟಿನ ವಿಳಾಸ ಕಳಿಸಿ ಒಂದು ವಾರವಾಗಿತ್ತು. ಆ ವಾರವಿಡೀ ನಮ್ಮ ಮನೆಯಲ್ಲಿ ಯಾರೂ ಅದರ ಮಾತೆತ್ತಲಿಲ್ಲ. ಶುಕ್ರವಾರ ಬೆಳಿಗ್ಗೆ ಗ್ಯಾರೇಜಿನ ಬಾಗಿಲು ಮೇಲೇಳುತ್ತಿದ್ದಾಗ ನಾನೇ ಕೇಳಿದೆ.

“ಸಂಜೆ ಬರ್ತೀರಿ ತಾನೆ?”

“ಬರ್ತೇನಂತ ಹೇಳೇನಲ್ಲ, ಮತ್ಯಾಕ ಕೇಳ್ತಿ?” ಎಂದರು ನನ್ನ ಗಂಡ. ಧಾರವಾಡ ಬಿಟ್ಟು ಎಷ್ಟು ವರ್ಷವಾದರೂ ಅವರ ಮಾತು ಅಲ್ಲಿನದೇ. ಮನಸ್ಸು ಸರಿಯಿಲ್ಲದಾಗ ಇನ್ನೂ ಹೆಚ್ಚು ಅಲ್ಲಿನದಾಗುತ್ತದೆ. ಕಾರು ಹಿಂದಕ್ಕೆ ಹೋಗಿ ರಸ್ತೆಗೆ ತಿರುಗುವವರೆಗೂ ನಾನು ಅಲ್ಲೇ ನಿಂತಿದ್ದೆ. ಅವರು ಬರುತ್ತೇನೆಂದು ಹೇಳಿದ್ದು ನಿಜ. ಆದರೆ ಹೇಳಿದಾಗ ಅವರು ನನ್ನ ಕಡೆ ನೋಡಿರಲಿಲ್ಲ.

ನಮ್ಮ ಒಬ್ಬಳೇ ಮಗಳು ನ್ಯೂಯಾರ್ಕಿನ ಆಸ್ಪತ್ರೆಯೊಂದರಲ್ಲಿ ಮಕ್ಕಳ ಡಾಕ್ಟರು. ಅವಳು ಮದುವೆಯಾಗಬೇಕೆಂದಿದ್ದ ಹುಡುಗ ಬ್ರಾಂಕ್ಸ್‌ನಲ್ಲಿ ಹುಟ್ಟಿ ಬೆಳೆದವನು, ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾನೆ. ಅವನ ತಂದೆ ತೀರಿಕೊಂಡಿದ್ದಾರೆ. ತಾಯಿ ಕಾಂಬೋಡಿಯದಿಂದ ಬಂದವರು. ಈ ವಿಷಯ ಹೇಳಲು ಮಗಳು ಏಪ್ರಿಲ್‌ನಲ್ಲಿ ಹಿಲ್ಸ್‌ಬರೋದ ನಮ್ಮ ಮನೆಗೆ ಬಂದಿದ್ದಳು. ಅಡುಗೆಮನೆಯಲ್ಲಿ ನಿಂತುಕೊಂಡೇ ಎಲ್ಲ ಹೇಳಿ ಮುಗಿಸಿದಳು.

“ಎಲ್ಲಾ ನೀನ ನಿರ್ಧಾರ ಮಾಡೀದಿ. ಮತ್ತ ನನ್ನನ್ಯಾಕ ಕೇಳ್ತಿ?” ಎಂದರು ಇವರು.

“ಐ ವಾಸ್ ನಾಟ್ ಆಸ್ಕಿಂಗ್, ಅಪ್ಪ,” ಎಂದಳು ಅವಳು.

ಅಷ್ಟೇ. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಅವಳು ಫೋನ್ ಮಾಡುವುದು ನನಗೆ. ನಾನು ಸ್ಪೀಕರ್ ಹಾಕಿಟ್ಟು ಪಾತ್ರೆ ತೊಳೆಯುತ್ತಿದ್ದರೆ ಇವರು ಪಕ್ಕದ ಕೋಣೆಯಲ್ಲಿ ಟಿವಿಯ ಸದ್ದು ಕಡಿಮೆ ಮಾಡಿ ಕೂತಿರುತ್ತಿದ್ದರು. ಇಬ್ಬರೂ ಒಂದೇ ಅಚ್ಚು. ಯಾರಿಗೆ ಬುದ್ಧಿ ಹೇಳಬೇಕೆಂದು ತಿಳಿಯದೆ ಆ ಬೇಸಿಗೆಯೆಲ್ಲ ನಾನು ರಾತ್ರಿ ಸರಿಯಾಗಿ ನಿದ್ದೆ ಮಾಡಲಿಲ್ಲ.

ಎಡಿಸನ್ನಿನ ಫಾರ್ಮಸಿಯಲ್ಲಿ ನನ್ನ ಕೆಲಸ. ಆ ಶುಕ್ರವಾರ ಹುಡುಗನ ತಾಯಿಯನ್ನು ಮೊದಲ ಸಲ ಕಾಣುವುದಿತ್ತು. ಬೇಗ ಹೊರಟು, ರೆಸ್ಟ್‌ರೂಮಿನಲ್ಲಿ ಸೀರೆ ಉಟ್ಟು, ಅಲ್ಲಿಂದಲೇ ಟ್ರೇನ್ ಹತ್ತಿದೆ. ಇವರ ಆಫೀಸು ಬರ್ಗನ್ ಕೌಂಟಿಯ ಕಡೆ. ಸೀಕಾಕಸ್‌ನಲ್ಲಿ ಟ್ರೇನ್ ಬದಲಾಯಿಸಿ ಬರಬೇಕು. ನಾನು ನ್ಯೂಯಾರ್ಕಿನ ಪೆನ್ ಸ್ಟೇಷನ್ನಿನಲ್ಲಿ ಇಳಿಯುವಾಗ ಅವರ ಮೆಸೇಜು ಬಂತು: ಸೀಕಾಕಸ್‌ನಲ್ಲಿದ್ದೇನೆ. ಸೀಕಾಕಸ್‌ನಿಂದ ಪೆನ್ ಸ್ಟೇಷನ್ನಿಗೆ ನದಿಯಡಿಯ ಸುರಂಗವೊಂದೇ ದೂರ. ಸರಿ, ಬರುತ್ತಿದ್ದಾರೆ ಎಂದುಕೊಂಡೆ. ಬೋರ್ಡಿನ ಕೆಳಗೆ ನಿಂತು ಕಾದೆ. ಒಂದು ಟ್ರೇನಿನ ಜನ ಬಂದು ಕರಗಿದರು, ಇನ್ನೊಂದರದೂ. ಇವರಿಲ್ಲ. ಫೋನ್ ಮಾಡಿದರೆ ವಾಯ್ಸ್‌ಮೇಲ್. ಕೊನೆಗೆ ನಾನೊಬ್ಬಳೇ ಸಬ್‌ವೇ ಹಿಡಿದು ಹೋದೆ.

ರೆಸ್ಟೋರೆಂಟು ಹೊರಗಿನಿಂದ ಸಣ್ಣದು. ಬಾಗಿಲ ಮೇಲೆ ಹೆಸರೂ ಎದ್ದು ಕಾಣುವಂತಿರಲಿಲ್ಲ. ಒಳಗೆ ಕಪ್ಪು ಮರ, ಕಂಚಿನ ದೀಪಗಳು. ಕಮಲದ ಮೊಗ್ಗಿನ ದಳಗಳನ್ನು ಒಳಕ್ಕೆ ಮಡಿಚಿ ನೀರಿನಲ್ಲಿ ನಿಲ್ಲಿಸಿದ್ದರು. ಜನ ಪಿಸುಮಾತಾಡುತ್ತ ಊಟ ಮಾಡುತ್ತಿದ್ದರು. ಮಗಳು ಎದ್ದು ಬಂದು ನನ್ನ ಹಿಂದೆ ನೋಡಿದಳು.

“ಅಮ್ಮ, ಅಪ್ಪ ಎಲ್ಲಿ?”

“ಸೀಕಾಕಸ್‌ನಲ್ಲಿದ್ದಾರೆ. ಬರ್ತಾರೆ.”

“ಹಿ ಈಸ್ ನಾಟ್ ಕಮಿಂಗ್, ಈಸ್ ಹಿ?”

“ಬರ್ತಾರೆ ಅಂದ್ನಲ್ಲ,” ಎಂದೆ. ಬೆಳಿಗ್ಗೆ ಇವರು ನನಗೆ ಹೇಳಿದ ಧಾಟಿಯಲ್ಲೇ ಹೇಳಿದೆನೇನೋ.

ಹುಡುಗನ ತಾಯಿ ಗೋಡೆಯ ಕಡೆ ಕೂತಿದ್ದರು. ಪುಟ್ಟ ಹೆಂಗಸು, ನನಗಿಂತ ಸ್ವಲ್ಪ ದೊಡ್ಡವರಿರಬೇಕು. ಬಿಳಿ ರೇಷ್ಮೆಯ ರವಿಕೆ, ತೊಡೆಯ ಮೇಲೆ ದೊಡ್ಡ ಕೈಚೀಲ. ಬ್ರಾಂಕ್ಸ್‌ನಲ್ಲಿ ಟ್ರಾವೆಲ್ ಏಜೆನ್ಸಿ ನಡೆಸಿದವರು, ಮಾತಿನಲ್ಲಿ ಸುತ್ತುಬಳಸಿಲ್ಲ. ನನ್ನ ಮಗಳು ಅವರನ್ನು “ಮಿಂಗ್” ಎಂದು ಕರೆಯುತ್ತಿದ್ದಳು. ಅವರ ಭಾಷೆಯಲ್ಲಿ ಚಿಕ್ಕಮ್ಮ ಎಂದಂತೆ. ಅವಳ ಬಾಯಲ್ಲಿ ಆ ಪದ ಎಷ್ಟು ಸಲೀಸಾಗಿ ಹೊರಳಿತೆಂದರೆ ನನಗೆ ಎಲ್ಲೋ ಚುಚ್ಚಿದಂತಾಯಿತು. ಆಕೆಯೂ ನಾವೂ ಆಡಿದ ಮಾತೆಲ್ಲ ಇಂಗ್ಲಿಷಿನಲ್ಲಿ. ಅದನ್ನು ಇಲ್ಲಿ ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ನನ್ನ ಪಕ್ಕದ ಕುರ್ಚಿ ಖಾಲಿ. ವೇಟರ್ ಬಂದು ಆ ತಟ್ಟೆ ತೆಗೆಯಲೇ ಎಂದು ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಹುಡುಗನ ತಾಯಿ, “ಬೇಡ, ಇರಲಿ,” ಎಂದರು.

ನಾವು ಸಸ್ಯಾಹಾರಿಗಳಾದ್ದರಿಂದ ಮೀನಿಲ್ಲದ ಅಡುಗೆಗೆ ಮಗಳು ಮೊದಲೇ ಹೇಳಿಟ್ಟಿದ್ದಳು. ಅಮೋಕ್ ಬಂತು. ತೆಂಗಿನ ಹಾಲು, ಅರಿಸಿನ, ನಿಂಬೆಹುಲ್ಲು ಅರೆದು ಬಾಳೆಲೆಯ ದೊನ್ನೆಯಲ್ಲಿ ಹಬೆಯಲ್ಲಿ ಬೇಯಿಸಿದ್ದು. ಮೀನಿನ ಬದಲು ಅಣಬೆ. ಬಾಳೆಹೂವಿನ ಕೋಸಂಬರಿಯಂಥದ್ದೊಂದು ಬಂತು. ಬೇರೆ ದಿನವಾಗಿದ್ದರೆ ಇಷ್ಟಪಟ್ಟು ತಿನ್ನುತ್ತಿದ್ದೆ. ಅಂದು ಬಾಗಿಲು ತೆರೆದಾಗಲೆಲ್ಲ ಕತ್ತು ಆ ಕಡೆ ತಿರುಗುತ್ತಿತ್ತು. ಸೆರಗಿನಡಿ ಫೋನ್ ಹಿಡಿದು ಕೂತಿದ್ದೆ. ಹುಡುಗ ಪಾಪ, ನನ್ನ ತವರು ಮೈಸೂರಿನ ಬಗ್ಗೆ ಏನೇನೋ ಕೇಳುತ್ತಿದ್ದ. ನಾನು ಏನು ಉತ್ತರ ಕೊಟ್ಟೆನೋ ನೆನಪಿಲ್ಲ.

ಆಕೆ ಅಮೋಕ್‌ನ ಒಂದು ಚಮಚ ಬಾಯಿಗಿಟ್ಟು ರುಚಿ ನೋಡಿದರು. ಆಮೇಲೆ ವೇಟರನ್ನು ಕರೆದು, “ಇದಕ್ಕೆ ಫಿಶ್ ಸಾಸ್ ಹಾಕಿದ್ದಾರಾ?” ಎಂದರು. ಅವನು ಒಳಗೆ ಹೋಗಿ ಕೇಳಿಕೊಂಡು ಬಂದು ಇಲ್ಲವೆಂದ. ಆಕೆ ತಲೆಯಾಡಿಸಿದರು. ನಂಬಿದಂತೆ ಕಾಣಲಿಲ್ಲ.

“ನಿಮ್ಮ ಗಂಡನಿಗೆ ಈ ಸಂಬಂಧ ಇಷ್ಟ ಇಲ್ಲ, ಅಲ್ವಾ?” ಎಂದು ನನ್ನನ್ನು ಕೇಳಿದರು. ಮಕ್ಕಳಿಬ್ಬರೂ ತಟ್ಟೆ ನೋಡತೊಡಗಿದರು.

“ಟ್ರೇನ್ ಬದಲಾಯಿಸ್ಬೇಕು, ಅದಕ್ಕೇ,” ಎಂದೆ.

“ನನಗೂ ಮೊದಲು ಇಷ್ಟ ಇರ್ಲಿಲ್ಲ. ಮಗ ನಮ್ಮ ಕಡೆ ಹುಡುಗೀನೇ ಮದುವೆ ಆಗ್ಲಿ ಅಂತಿದ್ದೆ.”

ನನಗೆ ತಟ್ಟನೆ ಸಿಟ್ಟು ಬಂತು. ನನ್ನ ಮಗಳನ್ನು ಬೇಡವೆನ್ನಲು ಏನಿದೆ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಇವರು ಮನೆಯಲ್ಲಿ ಆಡುತ್ತಿದ್ದ ಮಾತನ್ನೇ ಎದುರಿಗೆ ಕೂತವರು ಆಡಿದಾಗ ಅದು ಹೀಗೆ ಕೇಳುತ್ತದೆ ಎಂದು ಅಲ್ಲಿಯವರೆಗೆ ನನಗೆ ಹೊಳೆದಿರಲಿಲ್ಲ.

“ಫೋನ್ ಒಳಗಿಡಿ,” ಎಂದರು ಆಕೆ. “ನಾನು ಚಿಕ್ಕವಳಿದ್ದಾಗ ನಮ್ಮಪ್ಪನಿಗೆ ಹೀಗೇ ಕಾಯ್ತಿದ್ದೆ. ಸಂಜೆ ಬರ್ತೀನಿ ಅಂತ ಹೋದವರು ಬರ್ಲೇ ಇಲ್ಲ. ಆಗ ಕಾಯೋಕೆ ಊಟಾನೂ ಇರ್ಲಿಲ್ಲ. ಇಲ್ಲಿ ಊಟ ಇದೆ. ತಿನ್ನಿ.”

ಅವರ ದೇಶದಲ್ಲಿ ಆ ವರ್ಷಗಳಲ್ಲಿ ಲಕ್ಷಾಂತರ ಜನ ಕೊಲೆಯಾಗಿ, ಹಸಿದು ಸತ್ತದ್ದನ್ನು ಮಗಳು ನನಗೆ ಸ್ವಲ್ಪ ಹೇಳಿದ್ದಳು. ಹುಡುಗ ತಾಯಿಯ ಮುಖವನ್ನೇ ನೋಡುತ್ತಿದ್ದ. ಅವನಿಗೂ ಇದು ಹೊಸದಿರಬೇಕು. ನಾನು ಫೋನನ್ನು ಚೀಲಕ್ಕೆ ಹಾಕಿ ಅನ್ನಕ್ಕೆ ಕೈ ಹಾಕಿದೆ. ಆದರೆ ಕಾಲು ಮೇಜಿನಡಿ ಅಲುಗುತ್ತಲೇ ಇತ್ತು, ಅದನ್ನು ನಿಲ್ಲಿಸಲಾಗಲಿಲ್ಲ.

ಅನ್ನದ ತಟ್ಟೆ ಅರ್ಧವಾದಾಗ ಇವರು ಬಂದರು. ಆಫೀಸಿನ ಶರ್ಟು, ಹೆಗಲಲ್ಲಿ ಲ್ಯಾಪ್‌ಟಾಪ್ ಚೀಲ, ಹಣೆಯ ಮೇಲೆ ಬೆವರು. ಎಲ್ಲರಿಗೂ ಒಟ್ಟಿಗೆ ಎಂಬಂತೆ ಕೈಮುಗಿದು ಖಾಲಿ ಕುರ್ಚಿಯಲ್ಲಿ ಕೂತರು.

“ಟ್ರೇನ್ ಲೇಟಾ?” ಎಂದು ಆಕೆ ಕೇಳಿದರು.

ಹೌದೆಂದಿದ್ದರೆ ಮುಗಿಯುತ್ತಿತ್ತು. ಆ ಲೈನಿನಲ್ಲಿ ಟ್ರೇನು ಲೇಟಾದದ್ದನ್ನು ಯಾರೂ ಅನುಮಾನಿಸುವುದಿಲ್ಲ. ಇವರು ನೀರು ಕುಡಿದು, “ಇಲ್ಲ,” ಎಂದರು. “ಟ್ರೇನ್ ಬಂದವು. ನಾನು ಹತ್ತಲಿಲ್ಲ.”

ಮಗಳ ಚಮಚ ತಟ್ಟೆಗೆ ತಾಗಿ ಸದ್ದಾಯಿತು.

“ಅಷ್ಟು ಹೊತ್ತು ಅಲ್ಲಿ ಏನು ಮಾಡಿದ್ರಿ?” ಎಂದರು ಹುಡುಗನ ತಾಯಿ.

“ಬೆಂಚಿನ ಮೇಲೆ ಕೂತಿದ್ದೆ. ಜನ ಓಡೋದನ್ನ ನೋಡ್ತಿದ್ದೆ. ಕ್ಷಮಿಸಿ.”

ಆಕೆ ಇವರನ್ನು ಒಂದು ಗಳಿಗೆ ನೋಡಿದರು. ಆಮೇಲೆ ಕೈಚೀಲದ ಜಿಪ್ ಎಳೆದು ಒಳಗಿಂದ ಟವೆಲ್ ಸುತ್ತಿದ ಡಬ್ಬಿಯೊಂದನ್ನು ತೆಗೆದರು. ಹುಡುಗ ಗಾಬರಿಯಾಗಿ ತಮ್ಮ ಖ್ಮೇರ್ ಭಾಷೆಯಲ್ಲಿ ಏನೋ ಪಿಸುಗುಟ್ಟಿದ. ಆಕೆ ಲಕ್ಷ್ಯ ಕೊಡಲಿಲ್ಲ. ಮುಚ್ಚಳ ತೆಗೆದಾಗ ಹುರಿದ ಅಕ್ಕಿಯ ಪರಿಮಳ ಮೇಜಿನ ಮೇಲೆಲ್ಲ ಹರಡಿತು.

“ಸಾಮ್ಲೊ ಕೊಕೊ, ನಮ್ಮ ಕಡೆ ಸಾರು,” ಎಂದರು. “ಮನೆಯಲ್ಲಿ ಮಾಡಿದ್ದು. ಇದಕ್ಕೆ ನಾವು ಮೀನು ಕೊಳೆಸಿದ ಪೇಸ್ಟ್ ಹಾಕ್ತೀವಿ. ಅದಿಲ್ಲದೆ ಇದೇ ಮೊದಲ ಸಲ ಮಾಡಿದ್ದು. ರುಚಿ ಹೇಗಿದೆಯೋ ಗೊತ್ತಿಲ್ಲ. ಆದ್ರೆ ಒಳಗೆ ಏನಿದೆ ಅಂತ ನನಗೆ ಗೊತ್ತು.”

ಕುಂಬಳ, ಪರಂಗಿಕಾಯಿ, ಬದನೆ, ಬಾಳೆಕಾಯಿ, ನುಗ್ಗೆಸೊಪ್ಪು. ಇವರ ತಟ್ಟೆಯ ಅನ್ನದ ಮೇಲೆ ಎರಡು ಸೌಟಿನಷ್ಟು ಸುರಿದರು. ಅಷ್ಟರಲ್ಲಿ ಮ್ಯಾನೇಜರ್ ಬಂದು ನಿಂತ. ಕಪ್ಪು ಸೂಟು, ಮೆತ್ತನೆಯ ದನಿ. ಹೊರಗಿನ ಆಹಾರ ತರುವಂತಿಲ್ಲವೆಂದು ಬಹಳ ನಯವಾಗಿ ಹೇಳಿದ. ಅಕ್ಕಪಕ್ಕದ ಮೇಜಿನವರು ಮಾತು ನಿಲ್ಲಿಸಿದ್ದರು. ಹುಡುಗ ಕ್ಷಮೆ ಕೇಳಲು ಅರ್ಧ ಎದ್ದ. ನನಗೆ ಅಲ್ಲಿಂದ ಎದ್ದು ಓಡಿಹೋಗಬೇಕೆನಿಸಿತು.

“ಮೈ ಫಾದರ್ ಈಸ್ ಅಲರ್ಜಿಕ್ ಟು ಫಿಶ್,” ಎಂದಳು ಮಗಳು. ಆಸ್ಪತ್ರೆಯಲ್ಲಿ ಮಕ್ಕಳ ತಂದೆತಾಯಿಯರ ಜೊತೆ ಮಾತಾಡುವ ದನಿ. “ಐ ಆಮ್ ಎ ಡಾಕ್ಟರ್. ವಿ ಕಾಂಟ್ ಟೇಕ್ ಎ ಚಾನ್ಸ್.”

ಮ್ಯಾನೇಜರ್ ಗಾಬರಿಯಾಗಿ ತಾನೇ ಕ್ಷಮೆ ಕೇಳಿ ಹಿಂದೆ ಸರಿದ. ಇವರು ಮಗಳನ್ನು ನೋಡಿದರು. ಏಪ್ರಿಲ್ ಆದಮೇಲೆ ಅವಳ ಮುಖವನ್ನು ನೇರವಾಗಿ ನೋಡಿದ್ದು ಅದೇ ಮೊದಲು. ಅವಳು ನೋಡಲಿಲ್ಲ, ಕರವಸ್ತ್ರವನ್ನು ಸಣ್ಣದಾಗಿ, ಇನ್ನೂ ಸಣ್ಣದಾಗಿ ಮಡಿಚುತ್ತಿದ್ದಳು.

ಇವರು ಕಲಸಿ ತಿಂದರು. ಚಮಚವಿದ್ದರೂ ಕೈಯಿಂದಲೇ. ಆಮೇಲೆ ತಟ್ಟೆ ಮುಂದಕ್ಕೆ ಸರಿಸಿ, “ಇನ್ನಷ್ಟು ಹಾಕ್ರಿ,” ಎಂದು ಕನ್ನಡದಲ್ಲೇ ಅಂದುಬಿಟ್ಟರು. ಆಕೆಗೆ ಅರ್ಥವಾಯಿತು, ಹಾಕಿದರು.

ಅದರಾಚೆಗೆ ಅಂದು ಅಪ್ಪ ಮಗಳ ನಡುವೆ ಹೆಚ್ಚೇನೂ ನಡೆಯಲಿಲ್ಲ. ಬಾಗಿಲಲ್ಲಿ ಬೀಳ್ಕೊಡುವಾಗ ಅವಳು ನನ್ನನ್ನು ತಬ್ಬಿಕೊಂಡು ಇವರ ಕಡೆ ಕೈಯೆತ್ತಿದಳು. ಹುಡುಗನ ತಾಯಿ ಎರಡೂ ಕೈ ಜೋಡಿಸಿ ಬಾಗಿದರು. ಇವರೂ ಬಾಗಿದರು, ಸ್ವಲ್ಪ ಜಾಸ್ತಿಯೇ.

ವಾಪಸ್ ಬರುವಾಗ ಟ್ರೇನಿನಲ್ಲಿ ಇವರಿಗೆ ಕೂರಲಾಗಲಿಲ್ಲ. ಎದ್ದು ಬಾಗಿಲ ಹತ್ತಿರ ಹೋಗುವುದು, ಮತ್ತೆ ಬಂದು ಕೂರುವುದು.

“ಅಕಿ ಯಾಕ ಸುಳ್ಳ ಹೇಳಿದ್ಲು?” ಎಂದರು.

“ನಿಮಗೋಸ್ಕರ.”

“ಅದು ಗೊತ್ತದ,” ಎಂದು ಮತ್ತೆ ಎದ್ದು ಹೋದರು.

ಮರುದಿನ ಬೆಳಿಗ್ಗೆ ನಾನು ಕಾಫಿಗೆ ನೀರಿಡುವಾಗ ಇವರು ಫೋನ್ ಹಿಡಿದು ಮನೆ ಹಿಂದಿನ ಮರದ ಡೆಕ್ ಮೇಲೆ ಅತ್ತಿಂದಿತ್ತ ಓಡಾಡುತ್ತಿದ್ದರು. ಮಗಳಿಗೆ ಫೋನ್ ಮಾಡಿದರು, ಅವಳು ಎತ್ತಲಿಲ್ಲ. ಒಳಗೆ ಬಂದು ಮತ್ತೆ ಹೊರಗೆ ಹೋಗಿ ಇನ್ನೊಮ್ಮೆ ಮಾಡಿದರು. ಈ ಸಲ ಅವಳು ಎತ್ತಿರಬೇಕು, ಗಾಜಿನ ಬಾಗಿಲಾಚೆ ಅವರ ತುಟಿ ಅಲುಗುವುದು ಕಂಡಿತು. ಏನು ಮಾತೆಂದು ಕೇಳಿಸಲಿಲ್ಲ. ಕೇಳಿಸಿಕೊಳ್ಳಲು ನಾನು ಹತ್ತಿರ ಹೋಗಲೂ ಇಲ್ಲ. ಹಾಲು ಉಕ್ಕುವುದರಲ್ಲಿತ್ತು, ಒಲೆಯ ಕಡೆ ತಿರುಗಿದೆ.