ಬೋಣಿಗೆ ಹೋದ ಚಿತ್ರ

ಮೈದಾ ಹಿಟ್ಟನ್ನು ನೀರಿನಲ್ಲಿ ಕದಡಿ, ಸಣ್ಣ ಉರಿಯಲ್ಲಿ ಗಂಟಾಗದಂತೆ ಮಗುಚುತ್ತ ಬಂದು, ಇಳಿಸುವ ಮೊದಲು ಒಂದು ಚಿಟಿಕೆ ಮೈಲುತುತ್ತು ಹಾಕಿದರೆ ಚಿತ್ರಗಳನ್ನು ದಪ್ಪ ರಟ್ಟಿಗೆ ಅಂಟಿಸಲು ಒಳ್ಳೆಯ ಗೋಂದು ಸಿದ್ಧವಾಗುತ್ತದೆ. ಮೈಲುತುತ್ತು ಮರೆತಿರೋ, ನಮ್ಮ ಕಡಲ ಕಡೆಯ ಹವೆಯಲ್ಲಿ ನಿಮ್ಮ ಚಿತ್ರಗಳನ್ನು ಜನ ನೋಡುವ ಮೊದಲೇ ಜಿರಳೆಗಳು ಮೆಚ್ಚಿಬಿಡುತ್ತವೆ. ಕಾಪುವಿನ ನಮ್ಮ ಅಡುಗೆಮನೆಯಲ್ಲಿ ನಾನು ಈ ನೀಲಿ ಗಂಜಿಯನ್ನು ಕುದಿಸುತ್ತಿದ್ದ ದಿನಗಳಲ್ಲಿ ಅಮ್ಮ ಅನ್ನದ ಪಾತ್ರೆ, ಸೌಟುಗಳನ್ನೆಲ್ಲ ಮೇಲಿನ ಹಲಗೆಗೆ ಏರಿಸಿದ್ದಳು. "ನಿನ್ನ ಡಿಗ್ರಿ ಮುಗಿಯುವ ಮೊದಲು ನಮ್ಮನ್ನು ಮುಗಿಸಬೇಡ ಮಾರಾಯ್ತಿ" ಎಂದು ನಗುತ್ತಿದ್ದಳು.

ಮಣಿಪಾಲದಲ್ಲಿ ನಾನು ಕಲಿತದ್ದು ಪುಸ್ತಕಗಳಿಗೆ ಚಿತ್ರ ಬರೆಯುವ ವಿದ್ಯೆ. ಯಾರೋ ಹೇಳುವ ಕತೆಯ ಪಕ್ಕದಲ್ಲಿ, ಅವರು ಬಿಟ್ಟುಕೊಟ್ಟಷ್ಟು ಜಾಗದಲ್ಲಿ, ನೆಂಟರ ಮನೆಗೆ ಬಂದವರಂತೆ ಕಾಲು ಮಡಚಿಕೊಂಡು ಕೂರುವ ಚಿತ್ರಗಳು ಅವು. ಹೆಚ್ಚು ಮಾತಾಡದ ನನ್ನಂಥವಳಿಗೆ ಅದು ಒಪ್ಪುವ ಕೆಲಸವೇ ಆಗಿತ್ತು. ಆದರೆ ಕೊನೆಯ ವರ್ಷದ ಕೊನೆಗೆ, ಕಾಲೇಜಿನ ಪ್ರದರ್ಶನದಲ್ಲಿ, ಅದೇ ಚಿತ್ರಗಳನ್ನು ಕತೆಯ ಆಸರೆಯಿಲ್ಲದೆ ಗೋಡೆಯ ಮೇಲೆ ನಿಲ್ಲಿಸಬೇಕು. ಅದೂ ಸಾಲದೆಂದು ಪಕ್ಕದಲ್ಲೇ ಒಂದು ಅಂಗಡಿ ಇಟ್ಟು ಮಾರಲೂ ಬೇಕು. ಮಾರಲು ನಾಚುವವರು ಚಿತ್ರಗಳನ್ನು ಹಾಸಿಗೆಯಡಿ ಇಟ್ಟುಕೊಂಡು ಮುದುಕರಾಗುತ್ತಾರೆ ಎಂಬುದು ನಮ್ಮ ಮಾಸ್ಟ್ರ ಅಭಿಪ್ರಾಯ. ಅವರು ನನ್ನ ಕಡೆ ನೋಡದೆ ಹಾಗೆಂದರು. ನೋಡದಿದ್ದುದರಿಂದಲೇ ಅದು ನನಗೆ ಹೇಳಿದ್ದೆಂದು ಎಲ್ಲರಿಗೂ ತಿಳಿಯಿತು.

ಅಂಗಡಿಗೆ ನನ್ನ ಜೊತೆಯಾದವಳು ಅಜೆಕಾರಿನ ಸಿಸಿಲಿಯಾ, ನನ್ನ ಸಹಪಾಠಿ. ಗೋಡೆಗೆ ಮೊಳೆ ಹೊಡೆಯಬಾರದೆಂಬ ಅಪ್ಪಣೆ ಇದ್ದುದರಿಂದ ಬಿದಿರಿನ ಗಳಗಳನ್ನು ನಿಲ್ಲಿಸಿ, ಅವಕ್ಕೆ ಓಲೆಚಾಪೆ ಬಿಗಿದು, ಚಾಪೆಯ ಮೇಲೆ ಚಿತ್ರಗಳನ್ನು ದಾರದಿಂದ ಕಟ್ಟಿದೆವು. ನಾನು ಅಳತೆಪಟ್ಟಿ ಹಿಡಿದು ಸಾಲು ಸರಿಮಾಡುವಷ್ಟರಲ್ಲಿ ಅವಳು ಮೇಜಿಗೆ ತನ್ನ ತಾಯಿಯ ಹಳೆಯ ಸೀರೆ ಹಾಸಿ, ತಾನೇ ಅಚ್ಚು ಕೆತ್ತಿ ಒತ್ತಿದ ಶುಭಾಶಯ ಪತ್ರಗಳನ್ನು ಬೀಸಣಿಗೆಯಂತೆ ಹರಡಿದ್ದಳು. ದೋಣಿ, ಕಲ್ಲುಬಂಡೆ, ಬಾಳೆಗೊನೆ, ಒಂದು ಗಂಭೀರವಾದ ಬೆಕ್ಕು. ಮಾರುವ ಚಿತ್ರಕ್ಕೆಲ್ಲ ಮೂಲೆಯಲ್ಲಿ ಬೆಲೆಯ ಚೀಟಿ.

ಒಂದು ಚಿತ್ರಕ್ಕೆ ಮಾತ್ರ ನಾನು ಚೀಟಿ ಅಂಟಿಸಲಿಲ್ಲ.

ಕಾಪುವಿಗೆ ಹತ್ತಿರದ ಶಂಕರಪುರದ ಸುತ್ತಿನ ಹಲವು ಮನೆಗಳಂತೆ ನಮ್ಮದೂ ಮಲ್ಲಿಗೆಯ ಮನೆ. ಬೆಳಿಗ್ಗೆ ಮೊಗ್ಗು ಕೊಯ್ದು, ನೆನೆಸಿಟ್ಟ ಬಾಳೆನಾರಿನಲ್ಲಿ ಒತ್ತೊತ್ತಾಗಿ ಚೆಂಡು ಕಟ್ಟಿ, ಬಾಳೆಲೆಯಲ್ಲಿ ಸುತ್ತಿ, ಹೂವು ಒಯ್ಯುವವನು ಬರುವ ಹೊತ್ತಿಗೆ ಜಗಲಿಯಲ್ಲಿಡಬೇಕು. ಬಿರಿದ ಹೂವನ್ನು ಯಾರೂ ಕೊಳ್ಳುವುದಿಲ್ಲ. ಹಾಗಾಗಿ ಇಷ್ಟು ವರ್ಷ ಇಷ್ಟು ಮಲ್ಲಿಗೆ ಕಟ್ಟಿದ ನನ್ನ ಅಮ್ಮ ಅದು ಅರಳುವುದನ್ನು ಕಂಡದ್ದು ಕಡಿಮೆ. ಅವು ಅರಳುತ್ತಿದ್ದುದು ಉಡುಪಿಯಲ್ಲೋ ಕಾರ್ಕಳದಲ್ಲೋ ಯಾರದೋ ಜಡೆಯಲ್ಲಿ. ಮೊಗ್ಗೊಂದು ಗಿಡದಿಂದ ಪೇಟೆಗೆ ಹೋಗುವ ಕತೆಯನ್ನು ಮಕ್ಕಳಿಗಾಗಿ ಚಿತ್ರಿಸುವುದು ನನ್ನ ಕೊನೆಯ ವರ್ಷದ ಕೆಲಸವಾಗಿತ್ತು. ಅದರ ನಡುವಿನ ಪುಟಕ್ಕೆ ಬರೆದದ್ದು ಅಮ್ಮನನ್ನು. ಒಳಕೋಣೆಯ ಕಿಟಕಿಯಿಂದ, ಅವಳಿಗೆ ತಿಳಿಯದಂತೆ, ರಜೆಯ ಬೆಳಗುಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಬರೆದೆ. ತಗ್ಗಿದ ಮುಖ, ಜಾರಿದ ಸೆರಗು, ನಾರಿನ ತುದಿಯನ್ನು ಕಚ್ಚಿ ಹಿಡಿದ ತುಟಿ, ಮತ್ತೆ ಆ ಕೈಗಳು. ನನಗೆ ಬರೆಯಲು ಬರುತ್ತದೆ ಎಂದು ನಾನು ನಂಬಿದ್ದು ಆ ಒಂದು ಚಿತ್ರದಿಂದ.

ಅದನ್ನು ಅಮ್ಮನಿಗೆ ಮನೆಯಲ್ಲಿ ತೋರಿಸಲಿಲ್ಲ. ನಾಲ್ಕು ಜನ ನಿಂತು ನೋಡುವ ಜಾಗದಲ್ಲಿ ಅವಳು ತನ್ನನ್ನು ಮೊದಲ ಬಾರಿ ನೋಡಬೇಕು ಎಂಬುದು ನನ್ನ ಆಸೆ. ಅಲ್ಲಿ ಬಂದು ತಾನು ಎಂತ ನೋಡುವುದು ಎಂದು ಕೇಳಿದಾಗ, ಬಂದರೆ ಗೊತ್ತಾಗುತ್ತದೆ ಎಂದಷ್ಟೇ ಹೇಳಿದೆ. ಮೊದಲ ದಿನವೇ, ಹೂವು ಕೊಟ್ಟು ಮುಗಿಸಿ ಬಸ್ಸು ಹಿಡಿಯುತ್ತೇನೆ ಎಂದಳು. ಹಿಂದಿನ ಸಂಜೆಯೇ ಒಳ್ಳೆಯ ಸೀರೆಯನ್ನು ಮಡಚಿ ದಿಂಬಿನಡಿ ಇಟ್ಟಳು.

ಮರುದಿನ ಪ್ರದರ್ಶನದ ಬಾಗಿಲು ತೆರೆದು ಇನ್ನೂ ಊದುಬತ್ತಿಯ ಹೊಗೆ ಆರಿರಲಿಲ್ಲ, ಪಡುಬಿದ್ರಿಯ ಹಿರಿಯರೊಬ್ಬರು ಬಂದರು. ಬೊಂಬಾಯಿಯಲ್ಲಿ ಹೋಟೆಲು ಉಳ್ಳವರು. ಊರಿಗೆ ಬಂದು ಆ ಸಂಜೆಯ ಬಸ್ಸಿಗೇ ಹಿಂತಿರುಗುವವರಿದ್ದರು. ಎಲ್ಲವನ್ನೂ ಒಂದು ಸುತ್ತು ನೋಡಿದರು. ಸಿಸಿಲಿಯಾಳ ಬೆಕ್ಕನ್ನು ಕಂಡು, ಇದು ನಮ್ಮ ಮ್ಯಾನೇಜರನ ಹಾಗೇ ಉಂಟು ಎಂದರು. ಅಮ್ಮನ ಚಿತ್ರದ ಮುಂದೆ ಬಂದವರು ಅಲ್ಲಿಂದ ಕದಲಲಿಲ್ಲ.

"ಇದು ಬೇಕು ಮಗಾ. ಹೋಟೆಲಿನ ಗಲ್ಲೆಯ ಹಿಂದೆ ಗೋಡೆಗೆ ಹಾಕ್ಲಿಕ್ಕೆ, ಈಗಲೇ ಕೊಂಡುಹೋಗ್ತೇನೆ. ನಮ್ಮ ಊರಿನದ್ದು ಒಂದು ಅಲ್ಲಿ ಬೇಕು."

ಚೀಟಿ ಇಲ್ಲದ್ದು ಮಾರಲಿಕ್ಕಿಲ್ಲ ಎಂದು ಸಿಸಿಲಿಯಾ ಹೇಳಬಹುದಿತ್ತು. ಅವಳು ನನ್ನ ಮುಖ ನೋಡಿದಳು. ನೀವು ವ್ಯಾಪಾರದ ಮನೆಯಲ್ಲಿ ಬೆಳೆದವರಲ್ಲದಿದ್ದರೆ ಆ ಕ್ಷಣವನ್ನು ತಿಳಿಸುವುದು ಕಷ್ಟ. ದಿನದ ಮೊದಲ ಮಾರಾಟಕ್ಕೆ ಬೋಣಿ ಎನ್ನುತ್ತಾರೆ, ಬೋಣಿಗೆ ಬಂದವರನ್ನು ಬರಿಗೈಯಲ್ಲಿ ಕಳಿಸಿದರೆ ಆ ದಿನವೇ ಮುಖ ತಿರುಗಿಸುತ್ತದೆ ಎನ್ನುತ್ತಾರೆ. ಪೂಜೆಗೆಂದು ತೆಗೆದಿಟ್ಟ ಹೂವನ್ನೂ ಬೋಣಿಯವರು ಕೇಳಿದರೆಂದು ಅಮ್ಮ ಕೊಟ್ಟದ್ದನ್ನು ನಾನು ನೋಡಿದ್ದೇನೆ. ಅದು ನಮ್ಮ ಮೊದಲ ಅಂಗಡಿಯ ಮೊದಲ ದಿನದ ಮೊದಲ ಗಿರಾಕಿ. ಓದು ಕಲಿಸಿದ ಯಾವ ತರ್ಕವೂ ನನ್ನ ನೆರವಿಗೆ ಬರಲಿಲ್ಲ. ತಲೆಯಾಡಿಸಿದೆ. ಅವರು ಕೊಟ್ಟದ್ದನ್ನು ಸಿಸಿಲಿಯಾ ಎಣಿಸದೆ, ಶಿಲುಬೆಯ ಗುರುತು ಮಾಡಿಕೊಂಡು ಡಬ್ಬಿಗೆ ಹಾಕಿದಳು. ಹೋಟೆಲಿನ ಹೆಸರು ಕೇಳಲು ಇಬ್ಬರಿಗೂ ತೋಚಲಿಲ್ಲ. ದಾರ ಬಿಚ್ಚಿದವಳು ನಾನೇ.

ಆ ದಿನ ವ್ಯಾಪಾರ ನಿಜಕ್ಕೂ ಚೆನ್ನಾಯಿತು. ಹಾಗಾಗದಿದ್ದರೆ ದೂರಲಿಕ್ಕಾದರೂ ಏನಾದರೂ ಸಿಗುತ್ತಿತ್ತು.

ಅಮ್ಮ ಮಧ್ಯಾಹ್ನಕ್ಕೆ ಬಂದಳು. ಚಪ್ಪಲಿಯನ್ನು ಹೊರಗೆ ಬಿಟ್ಟು, ದೇವಸ್ಥಾನದಲ್ಲಿ ಮಾಡುವಂತೆ ಬಲದಿಂದ ಸುತ್ತು ಬಂದಳು. ಪ್ರತಿ ಚಿತ್ರದ ಮುಂದೆಯೂ ನಿಂತಳು, ಬೇರೆಯವರ ಚಿತ್ರಗಳ ಮುಂದೆಯೂ. ನನ್ನ ಸಾಲಿನ ನಡುವೆ ಚಾಪೆ ಖಾಲಿಯಿತ್ತು. ಅಕ್ಕಪಕ್ಕದವನ್ನು ಸರಿಸಿ ಮುಚ್ಚೋಣ ಎಂದು ಸಿಸಿಲಿಯಾ ಹೇಳಿದ್ದಳು, ನಾನು ಬಿಟ್ಟಿರಲಿಲ್ಲ.

"ಇಲ್ಲಿ ಎಂತ ಇತ್ತು?"

"ನೀನು" ಎಂದೆ. ನಡೆದದ್ದನ್ನು ಹೇಳಿದೆ.

"ಬೋಣಿಯಲ್ವಾ. ಕೊಡದೆ ಎಂತ ಮಾಡುವುದು" ಎಂದಳು. ಆಮೇಲೆ, ಸ್ವರ ತಗ್ಗಿಸಿ, "ಸೀರೆ ಯಾವುದು ಉಡಿಸಿದ್ದೆ?"

"ಮನೆಯ ಹಸಿರು ಸೀರೆ."

"ಆ ಹರಿದದ್ದಾ? ಬೊಂಬಾಯಿಯವರೆಲ್ಲ ನೋಡ್ಲಿಕ್ಕಾ?"

ಸಿಸಿಲಿಯಾ ನಕ್ಕಳು, ಅಮ್ಮನೂ ನಕ್ಕಳು. ನಗು ಮುಗಿಯುವ ಮೊದಲೇ ಅಮ್ಮನ ಕಣ್ಣು ಮತ್ತೆ ಚಾಪೆಯ ಕಡೆ ಹೋದದ್ದನ್ನು ನಾನು ನೋಡಿದೆ. ಇವತ್ತಿಗೂ ನಾನು ಮರಳಿ ಪಡೆಯಬೇಕೆಂದು ಬಯಸುವುದು ಚಿತ್ರವನ್ನಲ್ಲ, ಆ ಒಂದು ಬೆಳಗನ್ನು; ಅಮ್ಮನನ್ನು ಅರ್ಧ ದಿನ ಮೊದಲೇ ಕರೆತಂದು ಅದರ ಮುಂದೆ ನಿಲ್ಲಿಸಬಹುದಾಗಿದ್ದ ಬೆಳಗನ್ನು.

ಕರಡು ಇರಲಿಲ್ಲವೇ ಎಂದು ನೀವು ಕೇಳಬಹುದು. ಇತ್ತು, ಕೈಗಳದ್ದು ಮಾತ್ರ. ಇನ್ನೊಂದು ಬರೆದರಾಯಿತು ಎಂದು ಎಲ್ಲರೂ ಹೇಳಿದರು, ಎಲ್ಲರಿಗಿಂತ ಹೆಚ್ಚಾಗಿ ಅಮ್ಮ. ಅಂದಿನಿಂದ ಮನೆಯಲ್ಲಿ ನಾನು ಕಾಗದ ಹಿಡಿದರೆ ಸಾಕು, ಒಳಗೆ ಹೋಗಿ ಒಳ್ಳೆಯ ಸೀರೆ ಉಟ್ಟು ಬರುತ್ತಾಳೆ. ಜಗಲಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತು, ಮೊಗ್ಗುಗಳನ್ನು ನನಗೆ ಕಾಣುವಂತೆ ಒಂದೊಂದಾಗಿ ಎತ್ತಿ ಹಿಡಿದು, ನಾರನ್ನು ನಿಧಾನವಾಗಿ ಸುತ್ತುತ್ತಾಳೆ. ಅಷ್ಟು ನಿಧಾನವಾಗಿ ಕಟ್ಟಿದರೆ ಹೂವಿನವನು ಬರುವ ಹೊತ್ತಿಗೆ ಒಂದು ಚೆಂಡೂ ಮುಗಿಯದು. ನಾನು ಬರೆಯುತ್ತೇನೆ. ನೋಡಿದವರು ಥೇಟ್ ಅಮ್ಮನೇ ಎನ್ನುತ್ತಾರೆ; ಸುಳ್ಳೇನಲ್ಲ. ಆದರೆ ಯಾರೂ ನೋಡುತ್ತಿಲ್ಲವೆಂದು ತನ್ನನ್ನೇ ಮರೆತು ಕೂತಿದ್ದ ಆ ಹೆಂಗಸು ಬೊಂಬಾಯಿಯ ಯಾವುದೋ ಗಲ್ಲೆಯ ಹಿಂದೆ ತಲೆ ತಗ್ಗಿಸಿಕೊಂಡಿದ್ದಾಳೆ. ಈ ಜಗಲಿಗೆ ಅವಳು ಮತ್ತೆ ಬರುವುದಿಲ್ಲ.

ಬರೆದದ್ದನ್ನು ಅಮ್ಮ ದೂರ ಹಿಡಿದು ನೋಡುತ್ತಾಳೆ. "ಅದೂ ಹೀಗೇ ಇತ್ತಾ?" ಎನ್ನುತ್ತಾಳೆ.

ಹೀಗೇ ಇತ್ತು ಎನ್ನುತ್ತೇನೆ. ಅವಳು ಸೆರಗು ಸರಿಮಾಡಿಕೊಂಡು, ಇನ್ನೂ ಸ್ವಲ್ಪ ನೆಟ್ಟಗೆ ಕೂರುತ್ತಾಳೆ.